ಹುಲ್ಲುಹಾಸಿನ ಡಾಲರ್ ಸ್ಪಾಟ್ ರೋಗ: ಗುರುತಿಸುವ ಬಗೆ ಮತ್ತು ಹತೋಟಿಯ ಕ್ರಮ

ದಸರೆ ಮುಗಿದು ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಬಿತ್ತನೆ ಸಾಗುವ ಹೊತ್ತಿಗೆ ವಿಜಯಪುರ, ಬಾಗಲಕೋಟೆಗಳ ಕಡೆ ರಾತ್ರಿ ತಂಪೇರುತ್ತದೆ. ಹಗಲಿನ ಉಷ್ಣತೆ ಮಾತ್ರ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಉಳಿಯುತ್ತದೆ, ನಸುಕಿಗೆ ಇಬ್ಬನಿ ಬೀಳತೊಡಗುತ್ತದೆ. ಮನೆಯಂಗಳವಾಗಲಿ, ಶಾಲೆಯ ಆವರಣವಾಗಲಿ, ಮಂಗಲ ಕಾರ್ಯಾಲಯದ ಮುಂಭಾಗವಾಗಲಿ, ಹಸಿರಾಗಿದ್ದ ಹುಲ್ಲುಹಾಸಿನಲ್ಲಿ ಒಣಹುಲ್ಲಿನ ಬಣ್ಣದ ದುಂಡನೆಯ ಸಣ್ಣ ಚುಕ್ಕೆಗಳು ಈ ದಿನಗಳಲ್ಲಿ ಎದ್ದರೆ ಮೊದಲು ಸಂಶಯಿಸಬೇಕಾದದ್ದು ಡಾಲರ್ ಸ್ಪಾಟ್ ಎಂಬ ಶಿಲೀಂಧ್ರ ರೋಗವನ್ನು. ಬೆಳಗಾವಿಯ ಲೆಕ್ಕ ತುಸು ಬೇರೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಮಲೆನಾಡಿನ ಅಂಚಿಗೆ ಇರುವ ಆ ನಗರದಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಎಲೆ ಪೂರ್ತಿ ಒಣಗುವುದೇ ಅಪರೂಪವಾದ್ದರಿಂದ, ರೋಗಕ್ಕೆ ಅನುಕೂಲವಾದ ಅವಧಿ ಮಳೆಗಾಲದಲ್ಲೇ ತೆರೆದುಕೊಂಡು ಚಳಿಗಾಲದವರೆಗೂ ಸಾಗಬಲ್ಲದು.

ಚುಕ್ಕೆ ಕಂಡ ದಿನವೇ ಒಂದಿಷ್ಟು ಯೂರಿಯಾ ಎರಚಿ ನೀರು ಬಿಡುವವರಿದ್ದಾರೆ, ಅಂಗಡಿಯಿಂದ ಯಾವುದಾದರೊಂದು ಶಿಲೀಂಧ್ರನಾಶಕ ತಂದು ಸಿಂಪಡಿಸುವವರಿದ್ದಾರೆ. ಎರಡೂ ಕುರುಡು ಚಿಕಿತ್ಸೆಗಳೇ. ಡಾಲರ್ ಸ್ಪಾಟ್ ಸಾರಜನಕ ಸಾಲದೆ ಹಸಿದ ಹುಲ್ಲಿಗೆ ತಗಲುವ ರೋಗ. ಹದವರಿತು ಗೊಬ್ಬರ ಕೊಟ್ಟರೆ ತಗ್ಗುತ್ತದೆ. ರೈಜಾಕ್ಟೋನಿಯಾ ಶಿಲೀಂಧ್ರದಿಂದ ಬರುವ ಮಚ್ಚೆ ರೋಗದ ಸ್ವಭಾವ ಇದಕ್ಕೆ ತದ್ವಿರುದ್ಧ. ಸಾರಜನಕ ಹೆಚ್ಚಾದಷ್ಟೂ ಅದು ಹಬ್ಬುತ್ತದೆ. ದೂರದಿಂದ ನೋಡಿದರೆ ಎರಡೂ ಒಣಗಿದ ಹುಲ್ಲೇ. ಹಾಗಾಗಿ ಗುರುತಿಸುವ ಕೆಲಸಕ್ಕೆ ಒಂದೆರಡು ದಿನ ಹೋದರೂ ಚಿಂತೆಯಿಲ್ಲ. ಡಾಲರ್ ಸ್ಪಾಟ್ ಎಲೆಯನ್ನು ತಿನ್ನುವ ರೋಗವೇ ಹೊರತು ಬೇರನ್ನು ಕೊಲ್ಲುವ ರೋಗವಲ್ಲ. ಎರಡು ದಿನ ತಡವಾದರೆ ಹುಲ್ಲುಹಾಸು ಸಾಯುವುದಿಲ್ಲ.

ರೋಗಕಾರಕದ ಬಗ್ಗೆ ಕೆಲವು ಮಾತು ಮೊದಲೇ ತಿಳಿದಿದ್ದರೆ ಮುಂದಿನ ಹೆಜ್ಜೆಗಳ ಅರ್ಥ ಸುಲಭವಾಗುತ್ತದೆ. 1937ರಲ್ಲಿ ಇದನ್ನು ಸ್ಕ್ಲೆರೋಟಿನಿಯಾ ಹೋಮಿಯೋಕಾರ್ಪಾ ಎಂದು ವಿವರಿಸಲಾಗಿತ್ತು. 2018ರಲ್ಲಿ ವಿಜ್ಞಾನಿಗಳು ಇದಕ್ಕೆ ಕ್ಲಾರಿರೀಡಿಯಾ ಎಂಬ ಹೊಸ ಕುಲವನ್ನು ರಚಿಸಿದರು. ನಮ್ಮ ಕಡೆ ಬೆಳೆಯುವಂಥ ಬೆಚ್ಚನೆಯ ಹವೆಯ ಹುಲ್ಲುಗಳಿಗೆ ಮುಖ್ಯವಾಗಿ ತಗಲುವುದು ಅದರಲ್ಲಿನ ಕ್ಲಾರಿರೀಡಿಯಾ ಮಾಂಟೀಥಿಯಾನಾ ಎಂಬ ಪ್ರಭೇದ. ಹಳೆಯ ಪುಸ್ತಕಗಳಲ್ಲಿ, ಔಷಧದ ಚೀಟಿಗಳಲ್ಲಿ ಹಳೆಯ ಹೆಸರೇ ಇರುವುದರಿಂದ ಎರಡನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಈ ಶಿಲೀಂಧ್ರ ಗಾಳಿಯಲ್ಲಿ ತೇಲುವ ಬೀಜಕಣಗಳಿಂದ ಹರಡುವುದು ಕಾಣುವುದಿಲ್ಲವೆಂದೇ ಹೇಳಬಹುದು. ರೋಗ ತಗಲಿದ ಎಲೆಯ ಚೂರಿನಲ್ಲಿ, ಬುಡದ ಒಣ ಕಸದಲ್ಲಿ ದಾರದಂಥ ಎಳೆಗಳ ರೂಪದಲ್ಲಿ ಮಲಗಿದ್ದು, ಹವೆ ಕೂಡಿಬಂದಾಗ ಮತ್ತೆ ಚಿಗುರುತ್ತದೆ. ಹುಲ್ಲು ಕತ್ತರಿಸುವ ಯಂತ್ರ, ಚಪ್ಪಲಿ, ನೀರಿನ ಪೈಪು, ಕಸಬರಿಗೆ, ಇವುಗಳ ಮೂಲಕ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತದೆ. ಒಂದೇ ಯಂತ್ರ ಹೊತ್ತು ಹತ್ತಾರು ಮನೆಗಳ ಹುಲ್ಲು ಕತ್ತರಿಸುವ ಮಾಳಿಯ ಕೈಯಿಂದ ರೋಗ ಓಣಿಯಿಂದ ಓಣಿಗೆ ಹೋಗುವುದು ಹೀಗೆಯೇ.

ಹೆಜ್ಜೆ 1: ಬಿಸಿಲೇರುವ ಮೊದಲು ನೋಡಬೇಕು

ಈ ರೋಗವನ್ನು ಮಧ್ಯಾಹ್ನ ಗುರುತಿಸಲು ಹೋಗಬಾರದು. ಸೂರ್ಯ ಮೂಡುವ ಹೊತ್ತಿಗೆ, ಇಬ್ಬನಿ ಇನ್ನೂ ಎಲೆಯ ಮೇಲಿರುವಾಗ, ಚುಕ್ಕೆಗಳ ಬಳಿ ಕುಳಿತು ನೋಡಬೇಕು. ಗಿಡ್ಡಕ್ಕೆ ಕತ್ತರಿಸಿದ ಹುಲ್ಲಿನಲ್ಲಿ ಚುಕ್ಕೆಗಳು 2ರಿಂದ 6 ಸೆಂಟಿಮೀಟರ್ ಅಗಲವಿದ್ದು, ಸುತ್ತಲಿನ ಮಟ್ಟಕ್ಕಿಂತ ತುಸು ತಗ್ಗಿದಂತೆ ಕಾಣುತ್ತವೆ. ಎತ್ತರಕ್ಕೆ ಬಿಟ್ಟ ಹುಲ್ಲಿನಲ್ಲಿ 10ರಿಂದ 15 ಸೆಂಟಿಮೀಟರ್‌ವರೆಗೂ ಅಂಕುಡೊಂಕಾಗಿ ಹರಡುತ್ತವೆ. ಹಲವು ಚುಕ್ಕೆಗಳು ಕೂಡಿಕೊಂಡ ಮೇಲೆ ದುಂಡನೆಯ ಆಕಾರ ಕಳೆದುಹೋಗುತ್ತದೆ, ಆಗ ರೋಗದ ಅಂಚಿನಲ್ಲಿ ಹೊಸದಾಗಿ ಎದ್ದ ಒಂಟಿ ಚುಕ್ಕೆಯನ್ನೇ ಹುಡುಕಿ ಪರೀಕ್ಷಿಸಬೇಕು.

ರೋಗ ಚುರುಕಾಗಿದ್ದರೆ ಚುಕ್ಕೆಯೊಳಗೆ ಎಲೆಯಿಂದ ಎಲೆಗೆ ಹಬ್ಬಿದ ಬಿಳಿಯ ನವಿರಾದ ಎಳೆಗಳು ಕಾಣುತ್ತವೆ. ಇವನ್ನು ಜೇಡರ ಬಲೆಯೆಂದು ತಿಳಿದು ಬಿಟ್ಟುಬಿಡುವವರು ಬಹಳ. ಬಲೆಯನ್ನೇ ಶಿಲೀಂಧ್ರವೆಂದು ತಿಳಿದು ಗಾಬರಿಯಾಗುವವರೂ ಇದ್ದಾರೆ. ಜೇಡರ ಬಲೆ ಹುಲ್ಲಿನ ತುದಿಗಳ ಮೇಲೆ ಹಾಸಿದ ತೆಳುವಾದ ಒಂದೇ ಪದರ, ಇಬ್ಬನಿಯ ಹನಿಗಳು ಅದರ ಮೇಲೆ ಬಿಡಿಬಿಡಿಯಾಗಿ ನಿಂತಿರುತ್ತವೆ. ಶಿಲೀಂಧ್ರದ ಎಳೆ ಎಲೆಗಳ ನಡುವೆ, ಒಳಗೆ ಇಳಿದು, ಹತ್ತಿಯ ನಾರಿನಂತೆ ಮೆತ್ತಿಕೊಂಡಿರುತ್ತದೆ. ಬಿಸಿಲು ತಾಗಿ ಎಲೆ ಒಣಗುತ್ತಲೇ ಎಳೆ ಮಾಯವಾಗುತ್ತದೆ.

ಎಳೆ ಕಾಣದಿದ್ದರೆ ರೋಗವಿಲ್ಲವೆಂದು ತೀರ್ಮಾನಿಸಬೇಕಾಗಿಲ್ಲ. ಚುಕ್ಕೆಯ ಅಂಚಿನಿಂದ ಅರ್ಧ ಹಸಿರು, ಅರ್ಧ ಒಣಗಿದ ಎಲೆಗಳನ್ನು ಕಿತ್ತು, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಒದ್ದೆ ಕಾಗದದ ಮೇಲೆ ಹರಡಿ, ಒಂದು ರಾತ್ರಿ ಮನೆಯೊಳಗೆ ನೆರಳಿನಲ್ಲಿ ಇಡಬೇಕು. ಬೆಳಗಿಗೆ ಬಿಳಿಯ ಬೂಜು ಎದ್ದಿದ್ದರೆ ಶಿಲೀಂಧ್ರವೋ ಅದರಂಥ ಸೂಕ್ಷ್ಮಜೀವಿಯೋ ಜೀವಂತವಾಗಿದೆ ಎಂದಷ್ಟೇ ತಿಳಿಯಬೇಕು. ಹೆಜ್ಜೆ 3ರಲ್ಲಿ ಬರುವ ಪೈಥಿಯಂ ಎಂಬ ಇನ್ನೊಂದು ರೋಗಕಾರಕವೂ ಹೀಗೆಯೇ ಬೂಜು ಕಟ್ಟುವುದರಿಂದ ಈ ಪರೀಕ್ಷೆಯೊಂದನ್ನೇ ನೆಚ್ಚಲಾಗದು.

ಹೆಜ್ಜೆ 2: ಒಂದು ಎಲೆಯನ್ನು ಕೈಗೆತ್ತಿಕೊಳ್ಳಬೇಕು

ನಿಜವಾದ ಸಾಕ್ಷಿ ಇರುವುದು ಎಲೆಯ ಮೇಲಿನ ಗಾಯದಲ್ಲಿ. ಮೊದಲು ತಿಳಿಹಸಿರು ಅಥವಾ ಹಳದಿ ಕಲೆಯಾಗಿ ಹುಟ್ಟುವ ಗಾಯ, ಒಂದೆರಡು ದಿನಗಳಲ್ಲಿ ಬಿಳುಚಿಕೊಂಡು ಒಣಹುಲ್ಲಿನ ಬಣ್ಣ ತಾಳುತ್ತದೆ. ಎಲೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಅಡ್ಡಲಾಗಿ ಹಬ್ಬಿ, ನಡುವೆ ಕಿರಿದಾಗಿ ಮೇಲೆ ಕೆಳಗೆ ಅಗಲವಾಗಿ, ಡಮರುವಿನ ಆಕಾರ ಪಡೆಯುತ್ತದೆ. ಗಾಯದ ಮೇಲಂಚು ಕೆಳಅಂಚುಗಳಲ್ಲಿ ಕೆಂಪುಮಿಶ್ರಿತ ಕಂದು ಗೆರೆ ಸಾಮಾನ್ಯವಾಗಿ ಕಾಣಿಸುತ್ತದೆ. ಅಗಲ ಎಲೆಯ ಹುಲ್ಲಿನಲ್ಲಿ ಇದೆಲ್ಲ ಬರಿಗಣ್ಣಿಗೇ ಸ್ಪಷ್ಟ. ನಮ್ಮ ಕಡೆ ಹೆಚ್ಚಾಗಿ ನೆಡುವ ಬರ್ಮುಡಾ ಹುಲ್ಲು ನಮ್ಮ ಕರಕಿಯ ಜಾತಿಯದೇ ಆಗಿದ್ದು ಎಲೆ ಸಣ್ಣ. ಮೆಕ್ಸಿಕನ್ ಹುಲ್ಲಿನ ಎಲೆಯಂತೂ ದಾರದಷ್ಟು ಸಪೂರ. ಇವುಗಳಲ್ಲಿ ಡಮರುವಿನ ಆಕಾರ ಕಾಣಲು ಭೂತಗನ್ನಡಿ ಬೇಕು, ಕೆಲವೊಮ್ಮೆ ತುದಿಯಿಂದ ಕೆಳಗೆ ಎಲೆ ಒಣಗಿದ್ದು ಮಾತ್ರ ಕಾಣುತ್ತದೆ. ಆಗ ಬುಡವನ್ನು ಪರೀಕ್ಷಿಸಬೇಕು: ಎಲೆ ಒಣಗಿದ್ದರೂ ಬುಡ ಮತ್ತು ಬೇರು ಬಿಳಿಯಾಗಿ, ಗಟ್ಟಿಯಾಗಿ ಇದ್ದರೆ ಡಾಲರ್ ಸ್ಪಾಟ್ ಎಂಬ ಸಂಶಯ ಬಲವಾಗುತ್ತದೆ.

ಹೆಜ್ಜೆ 3: ಹೋಲುವ ತೊಂದರೆಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಜನ ಎಲ್ಲಕ್ಕಿಂತ ಹೆಚ್ಚು ಹಾರಿಹೋಗುವ ಹೆಜ್ಜೆಯೂ ಹೌದು.

ಮೊದಲು ರೈಜಾಕ್ಟೋನಿಯಾ. ಇದರ ಮಚ್ಚೆ ದೊಡ್ಡದು, ಒಂದಡಿಯಿಂದ ಶುರುವಾಗಿ ಕೆಲವು ಮೀಟರ್‌ಗಳವರೆಗೂ ಬೆಳೆಯಬಲ್ಲದು. ಬೆಳೆಯುತ್ತಿರುವ ಅಂಚು ಕಂದು ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಕೊಳೆ ಇರುವುದು ಎಲೆಯಲ್ಲಲ್ಲ, ಬುಡದ ಎಲೆಕವಚದಲ್ಲಿ. ಒಂದು ಕಡ್ಡಿಯನ್ನು ಹಿಡಿದು ಮೆಲ್ಲಗೆ ಎಳೆದರೆ ಕಂದಾಗಿ ಕೊಳೆತ ಬುಡದಿಂದ ಸುಲಭವಾಗಿ ಕಿತ್ತುಬರುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ, ಅದರಲ್ಲೂ ಮೆಕ್ಸಿಕನ್ ಮತ್ತು ಕೊರಿಯನ್ ಹುಲ್ಲಿನಲ್ಲಿ, ಇದರ ಬಗ್ಗೆ ಎಚ್ಚರವಿರಬೇಕು. ಇದು ಖಚಿತವಾದರೆ ಸಾರಜನಕ ನಿಲ್ಲಿಸಿ, ನೀರು ಬಸಿದು ಹೋಗುವ ದಾರಿ ನೋಡಬೇಕು; ಈ ಲೇಖನದ ಗೊಬ್ಬರದ ಸಲಹೆ ಆ ಹುಲ್ಲುಹಾಸಿಗೆ ಅನ್ವಯಿಸುವುದಿಲ್ಲ.

ಎರಡನೆಯದು ಪೈಥಿಯಂ. ರಾತ್ರಿಯೂ 20 ಡಿಗ್ರಿಗಿಂತ ಮೇಲಿದ್ದು, ಹಗಲು ಸೆಕೆ, ನೆಲ ಜವುಗು ಆಗಿದ್ದಾಗ ಬರುವ ಈ ರೋಗ ಒಂದೆರಡು ದಿನಗಳಲ್ಲೇ ಹುಲ್ಲನ್ನು ನೆಲಕಚ್ಚಿಸುತ್ತದೆ. ಎಲೆಗಳು ಎಣ್ಣೆ ಸವರಿದಂತೆ ಕಪ್ಪಿಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ರೋಗ ನೀರು ಹರಿದ ದಾರಿಯಲ್ಲೇ ಪಟ್ಟೆಪಟ್ಟೆಯಾಗಿ ಸಾಗಿರುತ್ತದೆ. ಡಾಲರ್ ಸ್ಪಾಟ್‌ಗೆ ಈ ಅವಸರವಿಲ್ಲ. ಅದಕ್ಕೆ 15ರಿಂದ 30 ಡಿಗ್ರಿ ಉಷ್ಣತೆ ಮತ್ತು ಒದ್ದೆ ಎಲೆ ಬೇಕು, ನೆಲ ಒಣಗಿದ್ದರೂ ನಡೆಯುತ್ತದೆ.

ಎಲೆಯ ಮೇಲೆ ಕೈಯಾಡಿಸಿದರೆ ಬೆರಳಿಗೆ ಅರಿಸಿನದಂಥ ಪುಡಿ ಹತ್ತಿದರೆ ಅದು ತುಕ್ಕು ರೋಗ, ಗೋದಿ ಬೆಳೆಗಾರರು ಭಂಡಾರ ರೋಗವೆಂದು ಕರೆಯುವ ಜಾತಿಯದು. ಕಂದು ಅಥವಾ ನೇರಳೆ ಬಣ್ಣದ ಸಣ್ಣ ಚುಕ್ಕೆಗಳು ಎಲೆಯ ತುಂಬ ಚೆದುರಿದ್ದು, ನೆಲದ ಮೇಲೆ ದುಂಡನೆಯ ಮಚ್ಚೆಯಿಲ್ಲದಿದ್ದರೆ ಅದು ಎಲೆಚುಕ್ಕೆ ರೋಗ. ಕಡುಹಸಿರು ಉಂಗುರ ಮತ್ತು ಅದರ ಗುಂಟ ಅಣಬೆ ಕಂಡರೆ ಬೇರೆಯದೇ ಕಥೆ.

ರೋಗವಲ್ಲದ ಕಾರಣಗಳೂ ಇವೆ. ನಾಯಿ ಮೂತ್ರ ಮಾಡಿದ ಜಾಗದಲ್ಲಿ ನಡುವೆ ಸುಟ್ಟು, ಸುತ್ತ ಕಡುಹಸಿರು ಅಂಚು ನಿಲ್ಲುತ್ತದೆ. ಗೊಣ್ಣೆಹುಳು ಬೇರು ತಿಂದಿದ್ದರೆ ಹುಲ್ಲು ಚಾಪೆಯಂತೆ ಸುರುಳಿ ಸುತ್ತಿ ಮೇಲೆದ್ದು ಬರುತ್ತದೆ. ಕಬ್ಬಿನ ಸೀಮೆಯಲ್ಲಿ ಈ ಹುಳುವಿನ ಪರಿಚಯ ಯಾರಿಗೂ ಹೊಸದಲ್ಲ. ವಿಜಯಪುರ, ಬಾಗಲಕೋಟೆಗಳ ಹಲವೆಡೆ ಬೋರ್‌ವೆಲ್ ನೀರು ಉಪ್ಪು. ಇದರಿಂದ ಸವಳಾದ ನೆಲದಲ್ಲಿ ಎಲೆಯ ತುದಿ ಸುಟ್ಟಂತಾಗಿ, ನೆಲದ ಮೇಲೆ ಬಿಳಿಯ ಪುಡಿ ಕಾಣಿಸುತ್ತದೆ. ಆದರೆ ಒಣಗುವಿಕೆ ಇಡೀ ಪಟ್ಟಿಯಲ್ಲಿ ಹರಡಿರುತ್ತದೆ, ದುಂಡು ಚುಕ್ಕೆಯಾಗಿ ನಿಲ್ಲುವುದಿಲ್ಲ. ಸುಣ್ಣದಂಶ ಹೆಚ್ಚಿರುವ ಎರೆಭೂಮಿಯಲ್ಲಿ ಕಬ್ಬಿಣದ ಕೊರತೆಯಿಂದ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದೂ ಉಂಟು, ಅದಕ್ಕೂ ಶಿಲೀಂಧ್ರಕ್ಕೂ ಸಂಬಂಧವಿಲ್ಲ.

ಹೆಜ್ಜೆ 4: ಎಲೆ ಎಷ್ಟು ಗಂಟೆ ಒದ್ದೆಯಾಗಿರುತ್ತದೆ ಎಂದು ಎಣಿಸಬೇಕು

ಈ ಶಿಲೀಂಧ್ರಕ್ಕೆ ಎಲೆ ಎಡೆಬಿಡದೆ ಹತ್ತು ಹನ್ನೆರಡು ಗಂಟೆ ಒದ್ದೆಯಾಗಿರುವುದು ತುಂಬ ಅನುಕೂಲ. ನವೆಂಬರ್‌ನ ಒಂದು ರಾತ್ರಿಯನ್ನು ಲೆಕ್ಕ ಹಾಕಿ ನೋಡಬಹುದು. ಇಬ್ಬನಿ ರಾತ್ರಿ ಹತ್ತಕ್ಕೆ ಕೂರತೊಡಗಿ ಬೆಳಿಗ್ಗೆ ಎಂಟಕ್ಕೆ ಆರಿದರೆ ಹತ್ತು ಗಂಟೆಯಾಯಿತು. ಸಂಜೆ ಆರಕ್ಕೆ ನಳದ ನೀರು ಬಿಟ್ಟಿರೆಂದರೆ ಆ ತೇವ ಆರುವ ಮೊದಲೇ ಇಬ್ಬನಿ ಸೇರಿ ಒಟ್ಟು ಹದಿನಾಲ್ಕು ಗಂಟೆ. ಪೂರ್ವಕ್ಕೆ ಎತ್ತರದ ಕಂಪೌಂಡ್ ಗೋಡೆಯಿದ್ದು ಎಳೆಬಿಸಿಲು ಹತ್ತರ ಮೇಲೆ ಬೀಳುವುದಾದರೆ ಹದಿನಾರು. ಇಷ್ಟನ್ನೂ ಬದಲಿಸದೆ ಔಷಧ ಹೊಡೆಯುವುದು ವ್ಯರ್ಥ ಖರ್ಚು. ಚುಕ್ಕೆಗಳು ಗೋಡೆಯ ಬದಿಯಲ್ಲಿ ದಟ್ಟವಾಗಿ, ಬಯಲಿನಲ್ಲಿ ವಿರಳವಾಗಿ ಇದ್ದರೆ ಕಾರಣ ತಾನಾಗಿ ತಿಳಿಯುತ್ತದೆ.

ಎಲೆಯ ತುದಿಯಲ್ಲಿ ನಿಲ್ಲುವ ಹನಿಯೆಲ್ಲ ಇಬ್ಬನಿಯಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ರಾತ್ರಿ ಬೇರು ಹೀರಿದ ಹೆಚ್ಚುವರಿ ನೀರನ್ನು ಹುಲ್ಲು ಎಲೆಯ ತುದಿಯಿಂದ ಹೊರಹಾಕುತ್ತದೆ, ಆ ಹನಿಯಲ್ಲಿ ಸಕ್ಕರೆಯ ಅಂಶ ಮತ್ತು ಅಮೈನೋ ಆಮ್ಲಗಳು ಕರಗಿರುತ್ತವೆ. ಶಿಲೀಂಧ್ರಕ್ಕೆ ಅದು ಬರಿಯ ತೇವವಷ್ಟೇ ಅಲ್ಲ, ಆಹಾರವೂ ಹೌದು.

ಹೆಜ್ಜೆ 5: ನೀರಿನ ಹೊತ್ತು ಬದಲಿಸಿ, ಇಬ್ಬನಿ ಕೆಡವಬೇಕು

ಸಂಜೆಯ ನೀರನ್ನು ಇಂದೇ ನಿಲ್ಲಿಸಬೇಕು. ನೀರು ಕೊಡಲು ಸರಿಯಾದ ಹೊತ್ತು ನಸುಕು: ಆಗ ಎಲೆ ಹೇಗೂ ಒದ್ದೆಯಾಗಿಯೇ ಇರುವುದರಿಂದ ಒದ್ದೆಯ ಗಂಟೆಗಳು ಹೆಚ್ಚುವುದಿಲ್ಲ, ತುದಿಯ ಸಕ್ಕರೆ ಹನಿಯೂ ತೊಳೆದು ಹೋಗುತ್ತದೆ, ಬಿಸಿಲು ಬರುತ್ತಲೇ ಎಲ್ಲವೂ ಆರುತ್ತದೆ. ನಳಕ್ಕೆ ನೀರು ಸಂಜೆಯೇ ಬರುವ ಬಡಾವಣೆಗಳಲ್ಲಿ ತೊಟ್ಟಿಯಲ್ಲಿ ತುಂಬಿಟ್ಟುಕೊಂಡು ಬೆಳಿಗ್ಗೆ ಬಿಡುವುದೊಂದೇ ದಾರಿ.

ದಿನವೂ ಚಿಮುಕಿಸುವ ರೂಢಿಯನ್ನೂ ಬಿಡಬೇಕು. ನೆಲ 10ರಿಂದ 15 ಸೆಂಟಿಮೀಟರ್ ಆಳದವರೆಗೆ ನೆನೆಯುವಂತೆ ಕೊಟ್ಟು, ಮತ್ತೆ ಅಗತ್ಯ ಬೀಳುವವರೆಗೆ ಕಾಯಬೇಕು. ಅಗತ್ಯ ಬಿದ್ದದ್ದು ತಿಳಿಯುವ ಬಗೆ ಸರಳ: ಹುಲ್ಲಿನ ಮೇಲೆ ನಡೆದುಹೋದಾಗ ಹೆಜ್ಜೆಯ ಗುರುತು ಮೇಲೇಳದೆ ಹಾಗೇ ಉಳಿದರೆ ಹುಲ್ಲಿಗೆ ನೀರು ಬೇಕಾಗಿದೆ. ಹಾಗೆಂದು ಪೂರ್ತಿ ಬಾಡಿಸಬಾರದು. ಬೇರಿನ ನೆಲ ಒಣಗಿ ಎಲೆ ಮಾತ್ರ ಇಬ್ಬನಿಯಿಂದ ಒದ್ದೆಯಾಗಿರುವ ಸ್ಥಿತಿ ಈ ರೋಗಕ್ಕೆ ಬಲು ಇಷ್ಟ. ಮಸಾರಿ ನೆಲದಲ್ಲಿ ನೀರು ಬೇಗ ಇಳಿಯುತ್ತದೆ. ಎರೆ ನೆಲದಲ್ಲಿ ಇಳಿಯುವುದು ನಿಧಾನ, ಆದ್ದರಿಂದ ಒಮ್ಮೆ ಕೊಟ್ಟು, ಅರ್ಧ ಗಂಟೆ ಬಿಟ್ಟು, ಉಳಿದ ಅರ್ಧವನ್ನು ಕೊಟ್ಟರೆ ಮೇಲೆ ನಿಂತು ಹರಿದುಹೋಗುವುದು ತಪ್ಪುತ್ತದೆ.

ನೀರು ಕೊಡದ ದಿನಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಇಬ್ಬನಿಯನ್ನು ಕೆಡವುವುದು ಖರ್ಚಿಲ್ಲದ ಉಪಾಯ. ಇಬ್ಬರು ಎರಡು ತುದಿ ಹಿಡಿದು ಉದ್ದನೆಯ ಹಗ್ಗವನ್ನೋ ನೀರಿನ ಪೈಪನ್ನೋ ಹುಲ್ಲಿನ ಮೇಲೆ ಎಳೆದುಕೊಂಡು ಹೋದರೆ ಹನಿಗಳೆಲ್ಲ ಉದುರಿ ಎಲೆ ಬೇಗ ಆರುತ್ತದೆ. ಗಾಲ್ಫ್ ಮೈದಾನಗಳಲ್ಲಿ ಇದೇ ಕೆಲಸಕ್ಕೆ ಉದ್ದನೆಯ ಬಳುಕುವ ಕೋಲು ಬೀಸುತ್ತಾರೆ. ರೋಗವಿರುವ ಭಾಗವನ್ನು ಕೊನೆಗೆ ಎಳೆಯಬೇಕು, ಆಮೇಲೆ ಹಗ್ಗವನ್ನು ಬಿಸಿಲಿಗೆ ಹಾಕಬೇಕು.

ಮಂಗಲ ಕಾರ್ಯಾಲಯ ನಡೆಸುವವರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಹುಲ್ಲಿನ ಮೇಲೆ ಹಾಸಿದ ಜಮಖಾನೆ, ಕಾರ್ಪೆಟ್‌ಗಳನ್ನು ಸಮಾರಂಭ ಮುಗಿದ ರಾತ್ರಿಯೇ ಎತ್ತಿಸಬೇಕು. ಅವು ಬೆಳಗಾದ ಮೇಲೂ ಬಿದ್ದಿದ್ದರೆ ಅಡಿಯ ಹುಲ್ಲಿಗೆ ಗಾಳಿಯೂ ಇಲ್ಲ, ಬಿಸಿಲೂ ಇಲ್ಲ, ತೇವ ಮಾತ್ರ ಉಂಟು.

ಹೆಜ್ಜೆ 6: ಸಾರಜನಕವನ್ನು ಅಳೆದು ಕೊಡಬೇಕು

ಹಿಂದಿನ ಹೆಜ್ಜೆಗಳಲ್ಲಿ ಡಾಲರ್ ಸ್ಪಾಟ್ ಎಂದು ಮನವರಿಕೆಯಾಗಿದ್ದರೆ ಮಾತ್ರ ಇದಕ್ಕೆ ಕೈಹಾಕಬೇಕು. ಹುಲ್ಲು ಒಟ್ಟಾರೆ ತಿಳಿಹಸಿರಾಗಿ, ಬೆಳವಣಿಗೆ ನಿಧಾನವಾಗಿ, ಕಳೆದ ಎರಡು ಮೂರು ತಿಂಗಳಲ್ಲಿ ಗೊಬ್ಬರವನ್ನೇ ಕಾಣದೆ ಇದ್ದರೆ ಹಸಿವು ಖಚಿತ.

ಬರ್ಮುಡಾ ಹುಲ್ಲಿಗೆ ಒಂದು ಸಲಕ್ಕೆ ಪ್ರತಿ ಚದರ ಮೀಟರ್‌ಗೆ ಸುಮಾರು 2.5 ಗ್ರಾಂ ಸಾರಜನಕ ಸಾಕು. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕ ಇರುವುದರಿಂದ ಇದು ಚದರ ಮೀಟರ್‌ಗೆ 5ರಿಂದ 6 ಗ್ರಾಂ ಯೂರಿಯಾ ಆಗುತ್ತದೆ. 10 ಅಡಿ ಅಗಲ, 20 ಅಡಿ ಉದ್ದದ ಅಂಗಳವೆಂದರೆ ಸುಮಾರು 18.5 ಚದರ ಮೀಟರ್. ಅದಕ್ಕೆ 100 ಗ್ರಾಂ ಯೂರಿಯಾ ಸಾಕಾಯಿತು. ಮುಷ್ಟಿಯ ಅಂದಾಜಿನಲ್ಲಿ ಎರಚುವವರು ಇದರ ಐದಾರು ಪಟ್ಟು ಹಾಕಿ ಹುಲ್ಲು ಸುಡುವುದು ಸಾಮಾನ್ಯ, ಆದ್ದರಿಂದ ಅಡುಗೆಮನೆಯದಲ್ಲದ ಬೇರೆ ತಕ್ಕಡಿಯಲ್ಲಿ ತೂಗಲೇಬೇಕು. ಕ್ಷಾರದ ಗುಣವುಳ್ಳ ಎರೆ ನೆಲಕ್ಕೆ ನನ್ನ ಆಯ್ಕೆ ಯೂರಿಯಾ ಅಲ್ಲ, ಅಮೋನಿಯಂ ಸಲ್ಫೇಟ್: ಅದರಲ್ಲಿ ಸಾರಜನಕ ಶೇ. 21ರ ಹತ್ತಿರವಿರುವುದರಿಂದ ಅದೇ ಅಂಗಳಕ್ಕೆ 220 ಗ್ರಾಂ ಬೇಕಾಗುತ್ತದೆ, ಗಂಧಕವೂ ಸಿಗುತ್ತದೆ, ನೆಲದ ಕ್ಷಾರವನ್ನು ಹೆಚ್ಚಿಸುವುದೂ ಇಲ್ಲ.

ಎಲೆ ಪೂರ್ತಿ ಒಣಗಿದ ಮೇಲೆ, ಗೊಬ್ಬರವನ್ನು ನಾಲ್ಕೈದು ಪಟ್ಟು ಒಣ ಮರಳಿನೊಂದಿಗೆ ಬೆರೆಸಿ, ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಎರಚಬೇಕು. ಕೂಡಲೇ ನೀರು ಬಿಟ್ಟು ಎಲೆಯ ಮೇಲಿನ ಹರಳನ್ನು ನೆಲಕ್ಕೆ ಇಳಿಸಬೇಕು. ಬೆಳಗಿನ ಒಂಬತ್ತು ಹತ್ತರ ಹೊತ್ತು ಇದಕ್ಕೆ ಸೂಕ್ತ, ಏಕೆಂದರೆ ಈ ನೀರು ಸಂಜೆಯೊಳಗೆ ಎಲೆಯಿಂದ ಆರಿಹೋಗುತ್ತದೆ. ಮೂರು ನಾಲ್ಕು ವಾರಗಳ ನಂತರ ಬೇಕೆನಿಸಿದರೆ ಇನ್ನೊಮ್ಮೆ ಇಷ್ಟೇ ಪ್ರಮಾಣ. ಮೆಕ್ಸಿಕನ್, ಕೊರಿಯನ್ ಹುಲ್ಲುಗಳ ಹಸಿವು ಕಡಿಮೆ. ಅವಕ್ಕೆ ಇದರ ಅರ್ಧ ಕೊಟ್ಟು ನೋಡುವುದು ಕ್ಷೇಮ. ಹೊಸ ಎಲೆ ಬಂದು ಹಳೆಯ ಗಾಯದ ಎಲೆಗಳು ಕತ್ತರಿಸಿಹೋಗುವ ಮೂಲಕವೇ ಚುಕ್ಕೆ ಮುಚ್ಚಿಕೊಳ್ಳುತ್ತದೆ. ಚಳಿಯಲ್ಲಿ ಹುಲ್ಲು ನಿಧಾನವಾಗಿ ಬೆಳೆಯುವುದರಿಂದ ಡಿಸೆಂಬರ್, ಜನವರಿಯಲ್ಲಿ ಹೆಚ್ಚು ತಾಳ್ಮೆ ಬೇಕಾಗುತ್ತದೆ.

ಹೆಜ್ಜೆ 7: ಕತ್ತರಿಸುವುದು ಮತ್ತು ಬುಡದ ಕಸ

ಒಂದು ಸಲಕ್ಕೆ ಎಲೆಯ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಮನೆಯಂಗಳದ ಬರ್ಮುಡಾ ಹುಲ್ಲು 2.5ರಿಂದ 4 ಸೆಂಟಿಮೀಟರ್ ಇದ್ದರೆ ಚೆನ್ನ. ಮೊಂಡು ಬ್ಲೇಡು ಎಲೆಯನ್ನು ಹರಿದು ಗಾಯ ಮಾಡುತ್ತದೆ. ಎಳೆಗಳು ಕಾಣುತ್ತಿರುವ ದಿನಗಳಲ್ಲಿ ಎಲೆ ಆರಿದ ಮೇಲೆಯೇ ಕತ್ತರಿಸಿ, ಕತ್ತರಿಸಿದ ಹುಲ್ಲನ್ನು ಚೀಲದಲ್ಲಿ ತುಂಬಿ ಹೊರಗೆ ಸಾಗಿಸಬೇಕು. ರೋಗ ತಗ್ಗಿದ ಮೇಲೆ ಅದನ್ನು ಅಲ್ಲೇ ಬಿಟ್ಟರೆ ಸಾರಜನಕವಾಗಿ ನೆಲಕ್ಕೆ ಮರಳುತ್ತದೆ. ಬಾಡಿಗೆಯ ಯಂತ್ರ ತರುವ ಮಾಳಿಗೆ, ನಮ್ಮ ಮನೆಗೆ ಬರುವ ಮೊದಲು ಬ್ಲೇಡು ಮತ್ತು ಅಡಿಭಾಗವನ್ನು ತೊಳೆದು ಒಣಗಿಸಿ ತರುವಂತೆ ಹೇಳಲು ಸಂಕೋಚ ಬೇಡ.

ಖುರ್ಪಿಯಿಂದ ಹುಲ್ಲಿನ ಒಂದು ತುಂಡನ್ನು ಕೊರೆದು ತೆಗೆದರೆ ಹಸಿರಿಗೂ ಮಣ್ಣಿಗೂ ನಡುವೆ ಕಂದು ಬಣ್ಣದ ನಾರಿನ ಪದರ ಕಾಣುತ್ತದೆ. ಅದು 1.2 ಸೆಂಟಿಮೀಟರ್ ಮೀರಿದ್ದರೆ ಉಗುರು ಪಂಜದಿಂದ ಗೀರಿ ತೆಗೆಯಬೇಕು. ಇದನ್ನು ರೋಗ ಚುರುಕಾಗಿರುವಾಗ ಮಾಡಬಾರದು, ಹುಲ್ಲು ಭರದಿಂದ ಬೆಳೆಯುವ ಜೂನ್, ಜುಲೈವರೆಗೆ ಕಾಯಬೇಕು.

ಹೆಜ್ಜೆ 8: ಸಂಶಯ ಉಳಿದರೆ ಮಾದರಿ ಕಳಿಸಬೇಕು

ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಳಗಾವಿ ಜಿಲ್ಲೆಯ ಅರಭಾವಿಯ ತೋಟಗಾರಿಕೆ ಮಹಾವಿದ್ಯಾಲಯ, ಆಯಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಇವುಗಳಲ್ಲಿ ಹತ್ತಿರವಿರುವುದನ್ನು ಮೊದಲು ವಿಚಾರಿಸಿ ಮಾದರಿ ಒಯ್ಯಬಹುದು. ಚುಕ್ಕೆಯ ನಟ್ಟನಡುವಿನ ಸತ್ತ ಹುಲ್ಲಿನಿಂದ ಏನೂ ತಿಳಿಯುವುದಿಲ್ಲ. ಅರ್ಧ ರೋಗ, ಅರ್ಧ ಆರೋಗ್ಯ ಇರುವ ಅಂಚನ್ನು ಅಂಗೈಯಗಲ, ಬೇರು ಮಣ್ಣು ಸಮೇತ ಕೊರೆದು, ಒಣ ಸುದ್ದಿಪತ್ರಿಕೆಯಲ್ಲಿ ಸುತ್ತಿ ಅಂದೇ ಮುಟ್ಟಿಸಬೇಕು. ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲೇ ಕೊಳೆತು ಬೇರೆ ಬೂಜು ಬೆಳೆಯುತ್ತದೆ. ಔಷಧ ಹೊಡೆದ ಮೇಲೆ ತೆಗೆದ ಮಾದರಿಯೂ ಉಪಯೋಗಕ್ಕೆ ಬಾರದು. ಬೆಳಗಿನಲ್ಲಿ ಮೊಬೈಲಿನಿಂದ ತೆಗೆದ ಚುಕ್ಕೆಯ ಚಿತ್ರ ಜೊತೆಗಿದ್ದರೆ ತಜ್ಞರಿಗೆ ಅರ್ಧ ಕೆಲಸ ಮುಗಿದಂತೆ.

ಹೆಜ್ಜೆ 9: ಶಿಲೀಂಧ್ರನಾಶಕ, ಬೇಕೇ ಬೇಕಾದರೆ

ನೀರಿನ ಹೊತ್ತು ಬದಲಿಸಿ, ಗೊಬ್ಬರ ಕೊಟ್ಟು ಮೂರು ವಾರವಾದರೂ ಹೊಸ ಚುಕ್ಕೆಗಳು ಏಳುತ್ತಲೇ ಇದ್ದರೆ ಆಗ ಮಾತ್ರ ಔಷಧದ ವಿಚಾರ ಮಾಡಬೇಕು. ಮನೆಯಂಗಳಗಳ ಮಟ್ಟಿಗೆ ಆ ಹಂತಕ್ಕೆ ಹೋಗುವ ಅಗತ್ಯ ಬೀಳುವುದು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಆಟದ ಮೈದಾನ, ಗಾಲ್ಫ್ ಅಂಕಣಗಳ ಮಾತು ಬೇರೆ.

ದ್ರಾಕ್ಷಿ ತೋಟವಿರುವ ಮನೆಗಳಲ್ಲಿ ಔಷಧದ ಡಬ್ಬಿಗಳಿಗೆ ಕೊರತೆಯಿರುವುದಿಲ್ಲ, ಉಳಿದದ್ದನ್ನು ಹುಲ್ಲಿಗೆ ಹೊಡೆದುಬಿಡೋಣ ಎಂಬ ಆಲೋಚನೆ ಸಹಜವಾಗಿ ಬರುತ್ತದೆ. ದ್ರಾಕ್ಷಿಯ ಬೂಜು ತುಪ್ಪಟ ರೋಗಕ್ಕೆ ಬಳಸುವ ಮೆಟಲಾಕ್ಸಿಲ್, ಡೈಮೆಥೋಮಾರ್ಫ್‌ನಂಥವು ಆ ರೋಗದ ಗುಂಪಿನ ಜೀವಿಗಳ ಮೇಲೆ ಮಾತ್ರ ಕೆಲಸ ಮಾಡುತ್ತವೆ. ಮೆಟಲಾಕ್ಸಿಲ್ ಪೈಥಿಯಂಗೆ ನಾಟೀತು, ಡಾಲರ್ ಸ್ಪಾಟ್‌ಗೆ ಏನೂ ಆಗದು. ಇಂದು ಎಲ್ಲ ಅಂಗಡಿಗಳಲ್ಲಿ ಮುಂದಿಡುವ ಅಜಾಕ್ಸಿಸ್ಟ್ರೋಬಿನ್ ಹಲವು ರೋಗಗಳಿಗೆ ಒಳ್ಳೆಯ ಔಷಧವಾದರೂ ಈ ರೋಗಕ್ಕೆ ನೆಚ್ಚತಕ್ಕದ್ದಲ್ಲ. ಕಾರ್ಬೆಂಡಜಿಮ್ ಮತ್ತು ಥಯೋಫನೇಟ್ ಮೀಥೈಲ್ ಒಂದೇ ಗುಂಪಿನವು. ಮೊದಮೊದಲು ಫಲ ಕೊಟ್ಟರೂ ಮತ್ತೆಮತ್ತೆ ಬಳಸಿದರೆ ಶಿಲೀಂಧ್ರ ಅವಕ್ಕೆ ಬಗ್ಗದಂತಾಗುತ್ತದೆ, ಇದು ಹಲವು ದೇಶಗಳಲ್ಲಿ ದಾಖಲಾಗಿದೆ. ಪ್ರೊಪಿಕೊನಜೋಲ್ ಈ ರೋಗದ ಮೇಲೆ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಬೆಳವಣಿಗೆಯನ್ನು ಕುಗ್ಗಿಸುವ ಗುಣವೂ ಇರುವುದರಿಂದ ಬಿರುಬೇಸಿಗೆಯಲ್ಲಿ ಬರ್ಮುಡಾ ಹುಲ್ಲಿಗೆ ಹೊಡೆದರೆ ಹುಲ್ಲಿನ ಬೆಳವಣಿಗೆ ಕುಂಠಿತವಾಗುತ್ತದೆ. ಸತತವಾಗಿ ಬಳಸಿದರೆ ಅದಕ್ಕೂ ನಿರೋಧ ಬೆಳೆಯುತ್ತದೆ. ಕ್ಲೋರೋಥಲೊನಿಲ್ ಪರಿಣಾಮಕಾರಿಯೇ, ಆದರೂ ಮಕ್ಕಳು ಉರುಳಾಡುವ ಅಂಗಳಕ್ಕೆ ಅದು ಬೇಡ. ಅಮೆರಿಕದಲ್ಲಿಯೂ ಮನೆಗಳ ಹುಲ್ಲುಹಾಸಿಗೆ ಅದನ್ನು ಬಳಸಲು ಅವಕಾಶವಿಲ್ಲ. ಟ್ರೈಕೋಡರ್ಮಾ ಬೆರೆಸಿದ ಕಾಂಪೋಸ್ಟನ್ನು ತೆಳುವಾಗಿ ಹರಡುವುದು ನೆಲಕ್ಕೆ ಒಳ್ಳೆಯದು, ಆದರೆ ಎದ್ದು ನಿಂತ ರೋಗವನ್ನು ಅದು ಇಳಿಸುತ್ತದೆಂದು ಕಾಯುತ್ತ ಕೂರಬಾರದು.

ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯ್ದೆಯ ಅಡಿಯಲ್ಲಿ ಪ್ರತಿ ಔಷಧವನ್ನೂ ನಿರ್ದಿಷ್ಟ ಬೆಳೆ ಮತ್ತು ರೋಗಕ್ಕೆ ನೋಂದಾಯಿಸುತ್ತಾರೆ, ಚೀಟಿಯ ಮೇಲೆ ಹುಲ್ಲುಹಾಸಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಔಷಧವನ್ನೂ ಪ್ರಮಾಣವನ್ನೂ ಮೇಲೆ ಹೇಳಿದ ಸಂಸ್ಥೆಗಳ ತಜ್ಞರಿಂದ ಬರೆಸಿಕೊಂಡೇ ಬಳಸಬೇಕು. ಸಿಂಪಡಿಸುವ ಮುನ್ನ ಬರಿಯ ನೀರನ್ನು ತುಂಬಿಕೊಂಡು, ಅಳತೆ ಮಾಡಿದ ಜಾಗಕ್ಕೆ ಎಲ್ಲ ಎಲೆ ತೋಯುವಂತೆ ಹೊಡೆದು, ಎಷ್ಟು ಲೀಟರ್ ಹಿಡಿಯಿತೆಂದು ನೋಡಿಕೊಂಡರೆ ಔಷಧದ ಲೆಕ್ಕ ತಪ್ಪುವುದಿಲ್ಲ. ಕೈಗವಸು, ಮುಖಗವಸು ಧರಿಸಿ, ಗಾಳಿಯಿಲ್ಲದ ಹೊತ್ತಿನಲ್ಲಿ, ಎಲೆ ಆರಿದ ಮೇಲೆ ಸಿಂಪಡಿಸಬೇಕು. ಮರುದಿನದವರೆಗೆ ಕತ್ತರಿಸಬಾರದು, ನೀರು ಹಾಯಿಸಬಾರದು. ಎರಡನೆಯ ಸಿಂಪರಣೆ ಬೇಕಾದರೆ ಬೇರೆ ಗುಂಪಿನ ಔಷಧ ಕೇಳಬೇಕು.

ಸಿಂಪಡಿಸಿದ ಅಂಗಳದ ಹುಲ್ಲನ್ನು ಆಕಳಿಗಾಗಲಿ ಆಡಿಗಾಗಲಿ ಹಾಕಬಾರದು, ಸಂಕಷ್ಟಿಯ ಪೂಜೆಗೆ ಅಲ್ಲಿಂದ ಕರಕಿ ಕಿತ್ತು ತರಬಾರದು. ನೆರೆಹೊರೆಯವರು ನಸುಕಿನಲ್ಲಿ ಬಂದು ಗೇಟಿನ ಬಳಿಯ ಕರಕಿ ಕೊಯ್ದುಕೊಂಡು ಹೋಗುವ ರೂಢಿಯಿರುವ ಮನೆಗಳಲ್ಲಿ ಗೇಟಿಗೆ ಒಂದು ಚೀಟಿ ಅಂಟಿಸಿ, ಅದನ್ನು ತೆಗೆಯುವ ದಿನವನ್ನು ಔಷಧ ಬರೆದುಕೊಟ್ಟ ತಜ್ಞರಿಂದಲೇ ಕೇಳಿಕೊಳ್ಳಬೇಕು.